ಶಿಲುಬೆ ಯಾರು, ಅತ್ತೆಯೋ ಸೊಸೆಯೋ?

ಓದುಗರ ಪ್ರಶ್ನೆ, ಟೀಚರಮ್ಮನ ಉತ್ತರ

ಪ್ರಶ್ನೆ: ಟೀಚರಮ್ಮ, ನಾನು ಮಂಡ್ಯದವಳು, ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಐದಕ್ಕೆ ಎದ್ದರೆ ತಿಂಡಿ, ಇಬ್ಬರು ಮಕ್ಕಳ ಡಬ್ಬಿ, ಅತ್ತೆಗೆ ಬಿಸಿನೀರು, ಏಳೂವರೆಗೆ ಬಸ್ಸು. ಸಂಜೆ ಬರುವಷ್ಟರಲ್ಲಿ ಮೈಯಲ್ಲಿ ಜೀವ ಇರಲ್ಲ. ಯಜಮಾನರು ಭಾನುವಾರ ಚರ್ಚಿನ ಪೂಜೆಯಲ್ಲಿ ಬೈಬಲ್ ವಾಚನ ಓದ್ತಾರೆ, ಮನೆಯಲ್ಲಿ ಒಂದು ಲೋಟ ಎತ್ತಿಡಲ್ಲ. ನಮ್ಮ ಫಾದರ್ ಪ್ರಬೋಧನೆಯಲ್ಲಿ, ‘ಮನೆಯೇ ಪುಟ್ಟ ಧರ್ಮಸಭೆ (ಚರ್ಚು), ದಿನದ ಕೆಲಸದಲ್ಲೇ ದೇವರ ಪಾಠ ಹುಡುಕಿ’ ಅಂದರು. ಹುಡುಕಿದೆ. ಕಂಡದ್ದು ಪಾತ್ರೆ ರಾಶಿ. ಮೈಸೂರಿನ ಫಿಲೋಮಿನಾ ಚರ್ಚಿನಲ್ಲಿ ಕೂತರೆ ಮನಸ್ಸು ನಿಲ್ಲುತ್ತೆ, ಮನೆ ಹೊಸಿಲು ದಾಟಿದರೆ ಹಾರಿಹೋಗುತ್ತೆ. ಅತ್ತೆಗೆ ಮೊಣಕಾಲು ನೋವು, ದಿನವಿಡೀ ಗೊಣಗಾಟ. ಅವರೇ ನನ್ನ ಶಿಲುಬೆ ಅಂದುಕೊಂಡು ಹೊರ್ತಿದೀನಿ. ಸರಿ ತಾನೆ?

ಉತ್ತರ: ಕಡೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ ತಾಯಿ. ಸರಿಯಲ್ಲ. ಹಿಂಬಾಲಿಸುವವರು ದಿನದಿನವೂ ತಮ್ಮ ಶಿಲುಬೆ ಹೊರಬೇಕು ಅಂತ ಪ್ರಭು ಯೇಸು ಹೇಳಿದ್ದು ಬೈಬಲಿನಲ್ಲಿ ಲೂಕನ 9ನೇ ಅಧ್ಯಾಯದಲ್ಲಿದೆ, ನಿಜ. ಮನೆಯವರಲ್ಲೇ ಒಬ್ಬರನ್ನು ಆರಿಸಿ ಅವರಿಗೆ ಶಿಲುಬೆ ಅಂತ ಹೆಸರಿಡಿ ಅಂತ ಎಲ್ಲೂ ಹೇಳಿಲ್ಲ. ನಿಮ್ಮತ್ತೆ ನನಗೆ ಕಾಗದ ಬರೆದರೆ ಅದರಲ್ಲಿ ಶಿಲುಬೆ ಯಾರಾಗಿರ್ತಾರೆ, ಯೋಚಿಸಿ. ಬಿಸಿನೀರಿಗೂ ಸೊಸೆ ಮುಖ ನೋಡಬೇಕಾದ ಹೆಂಗಸು ಗೊಣಗದೆ ಇನ್ನೇನು ಮಾಡಬೇಕು?

ಮನೆಯಲ್ಲಿ ದೇವರ ಪಾಠ ಹುಡುಕಿ ಅಂದ ಕೂಡಲೇ ನಾವೆಲ್ಲ ಇನ್ನೊಬ್ಬರಿಗೆ ಪಾಠ ಹುಡುಕೋಕೆ ಶುರು ಮಾಡ್ತೀವಿ. ಸೊಸೆಗೆ ತಾಳ್ಮೆಯ ಪಾಠ, ಮಕ್ಕಳಿಗೆ ವಿಧೇಯತೆಯ ಪಾಠ, ಗಂಡನಿಗೆ ಕುಡಿತ ಬಿಡುವ ಪಾಠ. ದೋಸೆ ಹಿಟ್ಟು ಉಬ್ಬಿದ್ದನ್ನು ತೋರಿಸಿ ‘ನೋಡಿ ಮಕ್ಕಳೇ, ದೇವರ ರಾಜ್ಯ ಹೀಗೇ’ ಅಂತ ಶುರು ಹಚ್ಚಿಕೊಂಡರೆ ಮಕ್ಕಳು ಡಬ್ಬಿ ಎತ್ತಿಕೊಂಡು ಬಸ್ಸಿಗೆ ಓಡ್ತಾರೆ. ಓಡಲಿ, ಅವರ ತಪ್ಪೇನಿಲ್ಲ.

ಶುಭಸಂದೇಶದಲ್ಲಿ, ಅಂದರೆ ಪ್ರಭುವಿನ ಬದುಕು ಹೇಳುವ ಬೈಬಲ್ ಭಾಗದಲ್ಲಿ, ಮನೆಯೊಳಗೆ ನಡೆಯುವ ಸಂಗತಿಗಳನ್ನು ಒಂದು ಸಲ ಓದಿ. ಮಾರ್ಕನ ಮೊದಲನೇ ಅಧ್ಯಾಯದಲ್ಲಿ ಪ್ರಭು ಸಭಾಮಂದಿರದಲ್ಲಿ ಬೋಧನೆ ಮುಗಿಸಿ ನೇರ ಶಿಷ್ಯ ಸೀಮೋನನ ಮನೆಗೆ ಬರ್ತಾರೆ. ಒಳಗೆ ಸೀಮೋನನ ಅತ್ತೆ ಜ್ವರದಲ್ಲಿ ಮಲಗಿದ್ದಾರೆ. ಪ್ರಭು ಹತ್ತಿರ ಹೋಗಿ ಕೈಹಿಡಿದು ಎಬ್ಬಿಸ್ತಾರೆ. ಸಭಾಮಂದಿರದಲ್ಲಿ ಬೋಧನೆ ಆಯ್ತಲ್ಲ, ಮನೆಯಲ್ಲಿ ಅವರು ಆಡಿದ ಒಂದು ಮಾತನ್ನೂ ಮಾರ್ಕ ಬರೆದಿಲ್ಲ. (ಜ್ವರ ಬಿಟ್ಟ ತಕ್ಷಣ ಆಯಮ್ಮ ಎದ್ದು ಎಲ್ಲರಿಗೂ ಉಪಚಾರ ಮಾಡಿದರು ಅಂತಿದೆ. ಅಳಿಯ ಒಂದು ಹೊತ್ತು ಮಾಡಬಾರದಿತ್ತೇ ಅಂತ ನನಗೆ ಚಿಕ್ಕಂದಿನಿಂದ ಸಿಟ್ಟು. ಇರಲಿ.) ಐದನೇ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಹುಡುಗಿಯನ್ನು ಸಾವಿನಿಂದ ಎಬ್ಬಿಸ್ತಾರೆ. ಅಪ್ಪ ಅಮ್ಮ ಬೆಪ್ಪಾಗಿ ನಿಂತಿರುವಾಗ ‘ಮಗೂಗೆ ತಿನ್ನೋಕೆ ಏನಾದರೂ ಕೊಡಿ’ ಅಂತ ನೆನಪಿಸೋದು ಅವರೇ. ಯೊವಾನ್ನನ ಕೊನೆಯ ಅಧ್ಯಾಯದಲ್ಲಿ ಪುನರುತ್ಥಾನವಾದ ಪ್ರಭು ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟುಕೊಂಡು, ರಾತ್ರಿಯೆಲ್ಲ ಬಲೆ ಬೀಸಿ ಬಂದವರನ್ನು ತಿಂಡಿಗೆ ಕರೀತಾರೆ. ಡಬ್ಬಿ ಕಟ್ಟುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಫಿಲೋಮಿನಾ ಚರ್ಚಿನ ಮಾತು. ಅಲ್ಲಿ ಮನಸ್ಸು ನಿಲ್ಲುತ್ತೆ ಅಂದರೆ ಆಶ್ಚರ್ಯವಿಲ್ಲ, ನನಗೂ ಹಾಗೇ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ ಅದು. 175 ಅಡಿಯ ಜೋಡಿ ಗೋಪುರ ಕತ್ತೆತ್ತಿ ನೋಡಿದರೆ ಯಾರಿಗಾದರೂ ಮಾತು ನಿಲ್ಲುತ್ತೆ. ಆದರೆ ಮೊದಮೊದಲ ಕ್ರೈಸ್ತರಿಗೆ ಗೋಪುರವೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಗುಡಾರ ಹೊಲಿಯೋರು. ಅವರ ಮನೆಯಲ್ಲಿ ಸೇರುವ ಸಭೆಗೆ ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ವಂದನೆ ಕಳಿಸಿದ್ದಾರೆ. ಹೊಲಿಗೆ ಸಾಮಾನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡಿರ್ತಾರೆ ಅಂತ ನನ್ನ ಊಹೆ. ನಿಮ್ಮ ಫಾದರ್ ಹೇಳಿದ ‘ಪುಟ್ಟ ಧರ್ಮಸಭೆ’ ಅನ್ನೋ ಮಾತನ್ನು ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಮತ್ತೆ ಎತ್ತಿ ಹೇಳಿತು, ಆದರೆ ಅದರ ಬೇರು ಇಂಥ ಮನೆಗಳಲ್ಲಿದೆ.

ನನ್ನ ತವರು ಪಾಲಹಳ್ಳಿ. ನಮ್ಮವ್ವನಿಗೆ ಓದು ಬರ್ತಿರಲಿಲ್ಲ. ಮುದ್ದೆಗೆ ಎಸರಿಟ್ಟು, ಕುದಿ ಬಂದ ಮೇಲೆ ರಾಗಿ ಹಿಟ್ಟು ಸುರಿದು ಗುಡ್ಡೆ ಮಾಡೋಳು. ತೊಳಸೋ ಮುಂಚೆ ಕೋಲಿನ ತುದಿಯಿಂದ ಆ ಒಣ ಹಿಟ್ಟಿನ ಮೇಲೆ ಒಂದು ಶಿಲುಬೆ ಗೀರಿ, ನಡುವೆ ತೂತು ಮಾಡೋಳು. ತೂತಿನಿಂದ ಕುದಿ ಉಕ್ಕಿ ಬಂದು ಶಿಲುಬೆ ಕರಗಿಹೋಗೋದು. ಆಮೇಲೆ ಕವೆಗೋಲು ಒತ್ತಿಹಿಡಿದು ಗಂಟಾಗದ ಹಾಗೆ ತೊಳಸಿ, ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟೋಳು. ಮೊದಲ ಮುದ್ದೆ, ಅದೇ ದೊಡ್ಡದು, ಕಬ್ಬು ಕಡಿಯೋಕೆ ಬಂದ ಆಳಿಗೆ. ನಮ್ಮಪ್ಪನಿಗೆ ಎರಡನೆಯದು. ಅಪ್ಪ ಮನೆ ಯಜಮಾನ, ಒಂದೆರಡು ಸಲ ಮುಖ ಗಂಟು ಹಾಕಿಕೊಂಡದ್ದೂ ಉಂಟು. ಅವ್ವ ಕ್ರಮ ಬದಲಿಸಲಿಲ್ಲ, ಯಾಕೆ ಅಂತ ಯಾರಿಗೂ ಹೇಳಲೂ ಇಲ್ಲ. ಧರ್ಮೋಪದೇಶದ ಕ್ಲಾಸಿನಲ್ಲಿ ನಾನು ಬಾಯಿಪಾಠ ಮಾಡಿದ್ದರಲ್ಲಿ ಬಹಳಷ್ಟು ಮರೆತುಹೋಗಿದೆ.

ಹಾಗಾಗಿ ಪಾಠ ಹುಡುಕುವ ಕೆಲಸವನ್ನು ನಿಮ್ಮ ಪಟ್ಟಿಯಿಂದ ತೆಗೆದುಹಾಕಿ. ಪಟ್ಟಿ ಈಗಾಗಲೇ ಉದ್ದವಿದೆ. ಬದಲಿಗೆ ಈ ಕಾಗದವನ್ನು ಯಜಮಾನರಿಗೆ ಕೊಡಿ. ಏನಪ್ಪಾ, ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ಗುರುಗಳು ಹನ್ನೆರಡು ಜನರ ಕಾಲು ತೊಳೆಯೋದನ್ನು ಪ್ರತಿವರ್ಷ ಮುಂದಿನ ಸಾಲಿನಲ್ಲಿ ಕೂತು ನೋಡ್ತೀಯ. ಹೆತ್ತ ತಾಯಿ ಮೊಣಕಾಲಿಗೆ ರಾತ್ರಿ ಹೊತ್ತು ಎಣ್ಣೆ ಬಿಸಿ ಮಾಡಿ ತಿಕ್ಕೋದು ಸೊಸೆ ಕೆಲಸವಲ್ಲ, ನಿನ್ನದು. ಸಂತ ಜೋಸೆಫರು ಆಡಿದ ಮಾತು ನಾಲ್ಕೂ ಶುಭಸಂದೇಶಗಳಲ್ಲಿ ಒಂದೂ ದಾಖಲಾಗಿಲ್ಲ. ಆದರೆ ರಾತ್ರೋರಾತ್ರಿ ಎದ್ದು ಮಗು, ತಾಯಿಯನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟದ್ದು ದಾಖಲಾಗಿದೆ. ವಾಚನ ಚೆನ್ನಾಗಿ ಓದ್ತೀಯಂತೆ, ಸಂತೋಷ. ಮಕ್ಕಳ ಡಬ್ಬಿಯನ್ನೂ ತೊಳಿ.

ಮನೆ ಪ್ರಾರ್ಥನೆ ಉದ್ದ ಬೇಡ. ಮಕ್ಕಳು ಮಲಗುವಾಗ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಸಾಕು, ಅತ್ತೆಯ ಮಂಚದ ಹತ್ತಿರ ಎಲ್ಲರೂ ಕೂತು. ಅವರು ಹೇಳಿಕೊಡಲಿ. ಗೊಣಗುವ ಬಾಯಿಗೆ ಒಂದು ಕೆಲಸ ಸಿಗುತ್ತೆ.

ಪ್ರಶ್ನೆ: ಕೆ.ಆರ್. ನಗರ ತಾಲ್ಲೂಕಿನವನು. ತಂದೆ ವಿಲ್ ಬರೆಯದೆ ತೀರಿಕೊಂಡರು. ಇರುವುದು ಎರಡು ಎಕರೆ ಹತ್ತು ಗುಂಟೆ ನಾಲೆ ಜಮೀನು. ತಾಯಿ ಇದ್ದಾರೆ, ನಾವು ಅಣ್ಣತಮ್ಮ, ಒಬ್ಬಳು ಅಕ್ಕ. ಅಕ್ಕನ ಮದುವೆಗೆ ತಂದೆ ಸಾಕಷ್ಟು ಖರ್ಚು ಮಾಡಿದ್ದರು. ಈಗ ಪಾಲು ಕೇಳ್ತಿದ್ದಾಳೆ. ಡೋರನಹಳ್ಳಿ ಚರ್ಚಿನ ಸಂತ ಅಂತೋಣಿಯವರಿಗೆ ಹರಕೆ ಹೊತ್ತಿದ್ದೇವೆ. ಕ್ರೈಸ್ತ ಕುಟುಂಬದಲ್ಲಿ ತ್ಯಾಗ ಮುಖ್ಯವಲ್ಲವೇ? ಅಕ್ಕನ ಮನಸ್ಸು ಕರಗಿ, ಪಾಲು ಬಿಟ್ಟುಕೊಡುವ ರಿಲೀಸ್ ಡೀಡಿಗೆ ಸಹಿ ಹಾಕುವಂಥ ಒಂದು ಬೈಬಲ್ ವಾಕ್ಯ ತಿಳಿಸಿ.

ಉತ್ತರ: ವಾಕ್ಯ ಇದೆ ತಮ್ಮಾ, ಆದರೆ ಅಕ್ಕನಿಗಲ್ಲ. ಬೈಬಲಿನ ಸಂಖ್ಯಾಕಾಂಡದ 27ನೇ ಅಧ್ಯಾಯ ತೆಗಿ. ಗಂಡುಮಕ್ಕಳಿಲ್ಲದೆ ಸತ್ತವನೊಬ್ಬನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ಬಂದು, ಅಪ್ಪನ ಆಸ್ತಿಯಲ್ಲಿ ನಮಗೆ ಪಾಲು ಕೊಡಿ ಅಂತ ಎಲ್ಲರೆದುರು ಕೇಳ್ತಾರೆ. ಮೋಶೆ ದೇವರನ್ನು ಕೇಳ್ತಾನೆ. ಆ ಹೆಣ್ಣುಮಕ್ಕಳು ಹೇಳೋದು ಸರಿ, ಕೊಡು ಅಂತ ದೇವರ ಅಪ್ಪಣೆಯಾಗುತ್ತೆ. ಅವರು ಕೇಳಿದ್ದು ಗಂಡುಮಕ್ಕಳಿಲ್ಲದ ಮನೆಯಲ್ಲಿ, ಅಷ್ಟು ವ್ಯತ್ಯಾಸ ಉಂಟು. ಅದನ್ನು ಈಗಿನ ಕಾನೂನು ತುಂಬಿದೆ.

ನಾನು ಲೆಕ್ಕದ ಟೀಚರ್ ಆಗಿದ್ದವಳು, ಲೆಕ್ಕವನ್ನೂ ಹೇಳಿಬಿಡ್ತೀನಿ. ಕ್ರೈಸ್ತರಾದ ನಮಗೆ ಅನ್ವಯಿಸೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಇಲ್ಲದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು. ಗಂಡು, ಹೆಣ್ಣು ಅನ್ನೋ ಭೇದ ಇಲ್ಲ. ಎರಡು ಎಕರೆ ಹತ್ತು ಗುಂಟೆ ಅಂದರೆ 90 ಗುಂಟೆ. ತಾಯಿಗೆ 30, ನಿಮ್ಮ ಮೂವರಿಗೆ ತಲಾ 20. ಮದುವೆಗೆ ಖರ್ಚು ಮಾಡಿದ್ದನ್ನು ಪಾಲಿನಲ್ಲಿ ಮುರಿದುಕೊಳ್ತೀವಿ ಅನ್ನಬೇಡ. ತಂದೆ ಬದುಕಿದ್ದಾಗ ಮಕ್ಕಳಿಗೆ ಕೊಟ್ಟದ್ದನ್ನು ಈ ಹಂಚಿಕೆಯಲ್ಲಿ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅದೂ ಅದೇ ಕಾಯ್ದೆಯಲ್ಲಿದೆ. ಮೊದಲು ಪಾಲು ಮಾಡಿ ಅಕ್ಕನ ಹೆಸರಿಗೆ ಪಹಣಿ ಬರಲಿ. ಆಮೇಲೆ ಅವಳು ತಾನಾಗಿ ನಿನಗೆ ಕೊಟ್ಟರೆ ಅದು ತ್ಯಾಗ. ನೀವು ಅಣ್ಣತಮ್ಮ ಸೇರಿ ಮಾಡಿಸುವ ಸಹಿಗೆ ಬೇರೆ ಹೆಸರಿದೆ.

ಆಸ್ತಿ ಭಾಗ ಮಾಡಿಸಿಕೊಡಿ ಅಂತ ಪ್ರಭುವಿನ ಹತ್ತಿರವೂ ಒಬ್ಬ ಬಂದಿದ್ದ, ಲೂಕನ 12ನೇ ಅಧ್ಯಾಯ. ‘ನನ್ನನ್ನು ನ್ಯಾಯಾಧಿಪತಿಯಾಗಿ ನೇಮಿಸಿದವರು ಯಾರು’ ಅಂತ ಕೇಳಿ, ದುರಾಶೆ ಬಗ್ಗೆ ಎಚ್ಚರ ಹೇಳಿ, ಕಣಜ ದೊಡ್ಡದು ಮಾಡಲು ಹೊರಟ ಶ್ರೀಮಂತನ ಕತೆ ಹೇಳಿದರು. ಅಂತೋಣಿಯವರ ವಿಷಯಕ್ಕೆ ಬಂದರೆ, ಡೋರನಹಳ್ಳಿಯಲ್ಲಿ ಅವರ ಪ್ರತಿಮೆ ರೈತನೊಬ್ಬ ಹೊಲ ಉಳುವಾಗ ಸಿಕ್ಕಿತು ಅನ್ನೋದು ನಮ್ಮ ಕಡೆ ಎಲ್ಲರೂ ಕೇಳಿರುವ ಐತಿಹ್ಯ. ನೇಗಿಲ ಸಾಲಿನಿಂದ ಎದ್ದ ಸಂತರ ಮುಂದೆ ಒಡಹುಟ್ಟಿದವಳ ಹೊಲ ನಮಗೇ ಉಳಿಸಿಕೊಡಿ ಅಂತ ಹರಕೆ ಹೊರ್ತೀರಲ್ಲ, ಧೈರ್ಯ ಮೆಚ್ಚಬೇಕು. ಜೂನ್ 13ರ ಹಬ್ಬಕ್ಕೆ ಅಕ್ಕನನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ಮೈಸೂರಿನ ವಠಾರದಲ್ಲಿದ್ದೇವೆ. ಸಂಕ್ರಾಂತಿಗೆ ಪಕ್ಕದ ಮನೆ ಮಕ್ಕಳು ಎಳ್ಳು ಬೆಲ್ಲ ತಂದುಕೊಡ್ತಾರೆ. ತಿನ್ನಬಹುದೇ?

ಉತ್ತರ: ತಿನ್ನಿ. ಕ್ರೈಸ್ತರಲ್ಲದವರ ಮನೆಯ ಊಟಕ್ಕೆ ಹೋದಾಗ ಏನೂ ಪ್ರಶ್ನೆ ಎತ್ತದೆ ಬಡಿಸಿದ್ದನ್ನು ಉಣ್ಣಿ ಅಂತ ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ. ದೇವರಿಗಿಟ್ಟದ್ದು ಅಂತ ಅವರೇ ಹೇಳಿ ಕೊಟ್ಟರೆ ಆಗಿನ ಮಾತು ಬೇರೆ, ಅದನ್ನೂ ಪೌಲರು ಅಲ್ಲೇ ಬರೆದಿದ್ದಾರೆ. ಎಳ್ಳು ಬೆಲ್ಲದ ಜತೆ ಆ ಮಕ್ಕಳು ಕೇಳುವುದು ಒಳ್ಳೆ ಮಾತನ್ನು ಮಾತ್ರ. ಡಿಸೆಂಬರಿನಲ್ಲಿ ನಿಮ್ಮ ಮನೆ ಕ್ರಿಸ್ಮಸ್ ತಿಂಡಿ, ಕಲ್ಕಲ್ಸ್, ರೋಸ್ ಕುಕ್ಕೀಸ್, ಅವರ ಮನೆಗೆ ಹೋಗಿರಬೇಕಲ್ಲ? ಹೋಗಿಲ್ಲದಿದ್ದರೆ ಅದು ನನ್ನ ಪ್ರಶ್ನೆ.

ಪ್ರಶ್ನೆ: ನಮ್ಮ ತಾತ ರಾತ್ರಿ ಜಪಸರ ಪ್ರಾರ್ಥನೆ ಶುರುವಾದರೆ ಮೂರನೇ ರಹಸ್ಯದ (ಅದರ ಐದು ಭಾಗಗಳಲ್ಲಿ ಮೂರನೆಯದರ) ಹೊತ್ತಿಗೆ ಗೊರಕೆ ಹೊಡೀತಾರೆ. ನನ್ನ ತಮ್ಮ ನಗ್ತಾನೆ, ಅಮ್ಮ ಬೈತಾರೆ. ನಿದ್ದೆ ಮಾಡಿದರೆ ಪಾಪವೇ?

ಉತ್ತರ: ಪಾಪವಲ್ಲ ಪುಟ್ಟಾ. ಗೆತ್ಸೆಮನೆ ತೋಟದಲ್ಲಿ ಪ್ರಭು ಪ್ರಾರ್ಥಿಸುತ್ತಿದ್ದಾಗ ಅವರ ಶಿಷ್ಯ ಪೇತ್ರನಂಥ ಪೇತ್ರನೇ ತೂಕಡಿಸಿದ. ಬಿರುಗಾಳಿಯ ದೋಣಿಯಲ್ಲಿ ಪ್ರಭುವೇ ತಲೆದಿಂಬಿಟ್ಟು ಮಲಗಿದ್ದರು. ನಗೋಕಾದರೂ ನಿನ್ನ ತಮ್ಮ ಜಪಸರಕ್ಕೆ ಬಂದು ಕೂರ್ತಾನಲ್ಲ, ಅಮ್ಮನಿಗೆ ಹೇಳು, ಬೈಯಬಾರದಂತೆ. ತಾತನಿಗೆ ಎರಡನೇ ರಹಸ್ಯ ನಡೆಸೋಕೆ ಕೊಡಿ, ಮೂರನೆಯದು ತಮ್ಮನಿಗೆ.