ಗಂಗಾಳದಲ್ಲಿ ನೀರು, ನಡುವೆ ಪರ್ಸಿ ತುಂಡು

ಬೆಕ್ಕಿಗೆ ಒಣ ಫುಡ್ ಹಾಕಿ ಹತ್ತು ನಿಮಿಷ ಆಗುವಷ್ಟರಲ್ಲಿ ಇರುವೆ ಮುತ್ತುತ್ತವೆ, ಬಟ್ಟಲಿನ ಸುತ್ತ ಇರುವೆ ಚಾಕ್‌ನಿಂದ ಗೆರೆ ಎಳೆಯಬಹುದಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ಆ ತಪ್ಪು ನಾನು ಮಾಡಿ ಆಗಿದೆ.

ನಮ್ಮದು ಕಲಬುರಗಿ. ಹಳೇ ಮನೆ, ನೆಲಕ್ಕೆ ಶಹಾಬಾದ್ ಪರ್ಸಿ, ಅಂದರೆ ಹಾಸುಗಲ್ಲು. ಬೇಸಿಗೆಯಲ್ಲಿ ಕಾಲಿಗೆ ತಂಪು, ನಿಜ. ಆದರೆ ಸಂದಿನ ಸಿಮೆಂಟು ಉದುರಿತೋ, ಇರುವೆಗಳಿಗೆ ಬಾಗಿಲು ತೆಗೆದಿಟ್ಟ ಹಾಗೆ. ಹೋದ ವರ್ಷ ಅಂಗಡಿಯವನು "ಮನ್ಯಾಗ ಹುಡುಗ್ರು ಇದ್ರೂ ಏನೂ ಆಗಂಗಿಲ್ರಿ" ಅಂತ ಚಾಕ್ ಕೊಟ್ಟ. ನಾನೂ ಡಬ್ಬಿ ಮೇಲೆ ಬರೆದದ್ದು ಓದಲಿಲ್ಲ. ಬಟ್ಟಲಿನ ಸುತ್ತ ದುಂಡಗೆ ಗೆರೆ ಎಳೆದೆ. ನಮ್ಮ ಬೆಕ್ಕು ಬೂದಿ ಆ ಗೆರೆ ಮೇಲೆ ನಡೆದಳು, ಆಮೇಲೆ ಕೂತು ಪಾದ ನೆಕ್ಕಿಕೊಂಡಳು. ಸಂಜೆಗೆ ಬಾಯಿಂದ ಜೊಲ್ಲು, ಕಿವಿ ಪಟಪಟ ಅದುರುವುದು, ಹಿಂಗಾಲಲ್ಲಿ ನಡುಕ. ರಿಕ್ಷಾ ಹಿಡಿದು ಡಾಕ್ಟರ ಹತ್ತಿರ ಓಡಿದೆ. ಅವರು ಕಾಲು ತೊಳೆದು, ಔಷಧಿ ಕೊಟ್ಟು, ರಾತ್ರಿಯೆಲ್ಲ ಅಲ್ಲೇ ಇಟ್ಟುಕೊಂಡರು. ಪುಣ್ಯಕ್ಕೆ ಉಳಿದಳು.

ಇಂಥ ಚಾಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಥರದ ವಿಷ. ನಮ್ಮ ಲಿವರ್ ಅದನ್ನು ಬೇಗ ಒಡೆದು ಹೊರಗೆ ಹಾಕುತ್ತದೆ, ಬೆಕ್ಕಿನ ಲಿವರ್‌ಗೆ ಅದು ಅಷ್ಟು ಸುಲಭವಲ್ಲ. ಸ್ಪ್ರೇಗಳ ಕಥೆಯೂ ಬಹುತೇಕ ಇದೇ. ಕರ್ಪೂರ, ನುಸಿಗುಳಿಗೆ, ನೀಲಗಿರಿ ಎಣ್ಣೆ, ಫಿನಾಯಿಲ್, ಇವೂ ಬೆಕ್ಕಿಗೆ ಆಗಿಬರುವುದಿಲ್ಲ. ಅರಿಶಿಣ ಹಾಕಿ ಅನ್ನುವವರು ಸಿಗುತ್ತಾರೆ. ನಾನೂ ಹಾಕಿ ನೋಡಿದೆ. ಫ್ಯಾನಿನ ಗಾಳಿಗೆ ಅರ್ಧ ಹಾರಿಹೋಯಿತು, ಉಳಿದದ್ದು ಬೂದಿಯ ಕಾಲಿಗೆ ಹತ್ತಿ ಹಾಸಿಗೆ ತುಂಬ ಹಳದಿ ಹೆಜ್ಜೆ. ಮನೆಯಲ್ಲಿ ಮದುವೆ ಇದೆಯೇನೋ ಅನ್ನುವ ಹಾಗೆ ಕಾಣುತ್ತಿತ್ತು. ಇರುವೆ ಮಾತ್ರ ತಮ್ಮ ಪಾಡಿಗೆ ತಾವು ಬರುತ್ತಲೇ ಇದ್ದವು.

ದಾರಿ ತೋರಿಸಿದ್ದು ಪಕ್ಕದ ಮನೆ ಆಯಿ. "ಮೊದ್ಲ ಹಾಲಿನ ಕಪಾಟಿನ ಕಾಲಿಗೆ ನೀರಿನ ವಾಟಿ ಇಡ್ತಿದ್ವಿಲ್ಲೋ? ಬೆಕ್ಕಿಗೂ ಹಂಗ ಮಾಡು" ಅಂದರು. ಅಷ್ಟೇ. ಅಂಚು ಎತ್ತರ ಇರುವ ಗಂಗಾಳ ತಗೊಳ್ಳಿ, ಬೆರಳು ದಪ್ಪ ನೀರು ಹಾಕಿ, ನಡುವೆ ಬಟ್ಟಲು ಇಡಿ. ಇರುವೆ ನೀರು ದಾಟಿ ಬರುವುದಿಲ್ಲ.

ಹೇಳುವುದು ಸುಲಭ. ಮೊದಲ ರಾತ್ರಿ ನನ್ನದು ಕೆಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಬಟ್ಟಲು ಗಂಗಾಳದ ಒಂದು ಮೂಲೆಗೆ ಒರಗಿದೆ, ಅಂಚಿನ ಮೇಲಿಂದ ಇರುವೆ ಸಾಲು ಆರಾಮಾಗಿ ಒಳಗೆ ಇಳಿಯುತ್ತಿದೆ. ಆಗಿದ್ದಿಷ್ಟೇ: ಬೂದಿ ತಿಂದಂತೆಲ್ಲ ತೆಳು ಸ್ಟೀಲ್ ಬಟ್ಟಲು ಹಗುರಾಗಿದೆ, ನೀರಿನ ಮೇಲೆ ತೇಲಿದೆ, ತೇಲುತ್ತ ಹೋಗಿ ಅಂಚಿಗೆ ಅಂಟಿದೆ. ಹಾಗಾಗಿ ನಡುವೆ ಒಂದು ಕಲ್ಲು ಬೇಕು. ನಮ್ಮಲ್ಲಿ ಪರ್ಸಿ ತುಂಡಿಗೆ ಬರವೇ? ಹಿತ್ತಲಲ್ಲಿ ಬಿದ್ದಿದ್ದ ಅಂಗೈಯಗಲದ ತುಂಡು ತೊಳೆದು ಗಂಗಾಳದಲ್ಲಿಟ್ಟೆ, ಅದರ ಮೇಲೆ ಬಟ್ಟಲು. ನೀರು ಕಲ್ಲಿನ ಮೇಲ್ಭಾಗಕ್ಕಿಂತ ಸ್ವಲ್ಪ ಕೆಳಗಿರಲಿ. ಬಟ್ಟಲಿಗೂ ಗಂಗಾಳದ ಅಂಚಿಗೂ ಸುತ್ತಲೂ ಮೂರು ಬೆರಳು ಜಾಗ ಇರಲಿ. ಬಟ್ಟಲು ಗೋಡೆಗೆ ತಾಗಬಾರದು.

ನೀರು ದಿನಾ ಬದಲಿಸಬೇಕು, ಇದರಲ್ಲಿ ಸೋಮಾರಿತನ ನಡೆಯುವುದಿಲ್ಲ. ಉದುರಿದ ಫುಡ್ಡು, ಕೂದಲು, ಧೂಳು, ಎಣ್ಣೆ ಜಿಡ್ಡು ಎಲ್ಲ ಸೇರಿ ನೀರಿನ ಮೇಲೆ ಕೆನೆ ಕಟ್ಟುತ್ತದೆ, ಸಣ್ಣ ಇರುವೆಗೆ ಅದೇ ಸೇತುವೆ. ಇನ್ನು ನಮ್ಮ ಏಪ್ರಿಲ್, ಮೇ ಬಿಸಿಲು ಗೊತ್ತಲ್ವಾ? 42 ಡಿಗ್ರಿ ಇದ್ದ ದಿನ ಬೆಳಿಗ್ಗೆ ಹಾಕಿದ ನೀರು ಸಂಜೆಗೆ ತಳ ಹಿಡಿದಿರುತ್ತದೆ. ಮಧ್ಯಾಹ್ನ ಒಂದು ಚೊಂಬು ಜಾಸ್ತಿ ಹಾಕಿ. ಮೊದಲ ಮಳೆ ಬಿದ್ದಾಗ ಗೂಡಿಗೆ ನೀರು ನುಗ್ಗಿ ಇರುವೆಗಳೆಲ್ಲ ಮನೆಯೊಳಗೆ ಬರುತ್ತವೆ, ಆ ವಾರ ಇನ್ನೂ ಹುಷಾರು.

ಇರುವೆಗಳು ಈಗಾಗಲೇ ಹಾಕಿರುವ ಸಾಲನ್ನು ಸೋಪಿನ ನೀರಲ್ಲಿ ಒರೆಸಿ. ಮುಂದೆ ಹೋದ ಇರುವೆ ನೆಲದ ಮೇಲೆ ವಾಸನೆ ಬಿಟ್ಟು ಹೋಗಿರುತ್ತದೆ, ಹಿಂದಿನದು ಅದನ್ನೇ ಹಿಡಿದು ಬರುತ್ತದೆ. ಒರೆಸಿದ ಜಾಗ ಒಣಗಿದ ಮೇಲೆ, ಅವು ಹೊರಬರುವ ಸಂದಿಗೆ ಬಿಳಿ ಸಿಮೆಂಟ್ ತುಂಬಿಬಿಡಿ. ಇರುವೆ ಹತ್ತಿದ ಒಣ ಫುಡ್ಡನ್ನು ಸುಮ್ನೆ ಚೆಲ್ಲಬೇಡಿ, ಅಗಲ ತಾಟಿನಲ್ಲಿ ಹರವಿ ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತಿಗೆ ಅವೇ ಜಾಗ ಖಾಲಿ ಮಾಡುತ್ತವೆ. ಹಾಲು, ಮೊಟ್ಟೆ, ಮೀನು ಆದರೆ ಚೆಲ್ಲಲೇಬೇಕು. ಅಂಥದ್ದನ್ನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಡುವುದೂ ಬೇಡ.

ಕೆಲವರು ಗಂಗಾಳದ ನೀರಿಗೆ ಒಂದು ಹನಿ ಸೋಪು ಹಾಕಿ, ಇರುವೆ ಮುಳುಗುತ್ತವೆ ಅನ್ನುತ್ತಾರೆ. ಮುಳುಗುವುದೇನೋ ಹೌದು. ಆದರೆ ನಮ್ಮ ಬೂದಿ ಪಕ್ಕದಲ್ಲೇ ಇಟ್ಟ ಕುಡಿಯುವ ನೀರು ಬಿಟ್ಟು ಈ ಗಂಗಾಳದ ನೀರನ್ನೇ ಕುಡಿಯುತ್ತಾಳೆ. ನಿಮ್ಮದೂ ಕುಡಿಯುತ್ತದೆ, ನೋಡುತ್ತಿರಿ. ಬರೀ ನೀರೇ ಇರಲಿ.