ಉಲ್ಕಾಶಿಲೆಯ ಬಿಲ್ಲೆಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಪ್ರಶ್ನೆ: ಸರ್, ನಾನು ತಿಪಟೂರಿನ ಹೈಸ್ಕೂಲ್ ಮೇಷ್ಟ್ರು. ಸ್ವೀಡನ್ನಿನಲ್ಲಿ ಸಿಕ್ಕ ಮುವೊನಿಯೊನಲುಸ್ತ ಎಂಬ ಕಬ್ಬಿಣದ ಉಲ್ಕಾಶಿಲೆಯಿಂದ ಕೊಯ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಬಿಲ್ಲೆಯೊಂದು ನನ್ನ ಬಳಿ ಇದೆ. ಈ ಮಳೆಗಾಲದಲ್ಲಿ ಅಂಚಿಗೆ ತುಕ್ಕು ಹಿಡಿದಿದೆ. ಉಪ್ಪುಕಾಗದದಲ್ಲಿ ಉಜ್ಜಿ ಕೊಬ್ಬರಿ ಎಣ್ಣೆ ಹಚ್ಚಲಾ?

ಉತ್ತರ: ಮೇಷ್ಟ್ರೇ, ಎರಡೂ ಬೇಡ. ನಮ್ಮ ತುಮಕೂರು ಕಡೆ ತಲೆಗೂ ಬೀಗಕ್ಕೂ ಕೊಬ್ಬರಿ ಎಣ್ಣೆಯೇ. ಆದರೆ ಅದು ಹಳತಾದರೆ ಕಮಟುತ್ತದೆ, ಆಗ ಹುಟ್ಟುವ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಉಪ್ಪುಕಾಗದ ಹಾಕಿದರಂತೂ ಮೇಲಿನ ಆ ಅಡ್ಡ-ಓರೆ ಗೆರೆಗಳೇ ಅಳಿಸಿಹೋಗುತ್ತವೆ. ನಿಕ್ಕಲ್ ಕಡಿಮೆ ಇರುವ ಪಟ್ಟಿ, ಜಾಸ್ತಿ ಇರುವ ಪಟ್ಟಿ ಹೆಣೆದುಕೊಂಡು ಆದ ಗೆರೆಗಳು ಅವು. ಕ್ಷುದ್ರಗ್ರಹದ ಒಡಲಲ್ಲಿ ಲೋಹ ಲಕ್ಷಾಂತರ ವರ್ಷ ನಿಧಾನವಾಗಿ ಆರಿದ್ದರಿಂದ ಮೂಡಿದಂಥವು. ನಾವು ಒಲೆಯಲ್ಲಿ ಮಾಡಲಾಗದು.

ಮಣ್ಣಲ್ಲಿ ಬಹುಕಾಲ ಬಿದ್ದಿದ್ದಾಗ ಉಪ್ಪಿನಂಶ ಬಿರುಕುಗಳಿಗೆ ಇಳಿದಿರುತ್ತದೆ. ತೇವ ಸೋಕಿದರೆ ತುಕ್ಕು ಮತ್ತೆ ಶುರು. ಹಾಗಾಗಿ ತೇವ ತೆಗೆಯುವುದೇ ಮುಖ್ಯ ಕೆಲಸ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತುಕ್ಕನ್ನು ಮೆಲ್ಲಗೆ ಉದುರಿಸಿ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿ, ಒಂದು ದಿನ ನೆನೆಸಿ. ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ, ಅದರಲ್ಲಿ ನೀರು ಬೆರೆತಿರುತ್ತದೆ. ಕಿಟಕಿ ತೆರೆದಿಡಿ, ಒಲೆಯಿಂದ ದೂರ ಇರಿ. ಪೂರ್ತಿ ಒಣಗಿದ ಮೇಲೆ ಹೊಲಿಗೆ ಮಿಷನ್ ಎಣ್ಣೆಯನ್ನು ತೆಳ್ಳಗೆ ಸವರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಬದಲಾಯಿಸಿ.

ಬರಿಗೈಯಲ್ಲಿ ಮುಟ್ಟಲೇಬೇಡಿ. ಒಮ್ಮೆ ಶಿರಾದಲ್ಲಿ ಮಕ್ಕಳಿಗೆ ತೋರಿಸುವ ಖುಷಿಯಲ್ಲಿ ನನ್ನ ಬಿಲ್ಲೆಯನ್ನು ಹಾಗೇ ಹಿಡಿದೆ, ಒರೆಸದೆ ಒಳಗಿಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ತುಕ್ಕಾಗಿ ಮೂಡಿತ್ತು. ಇವತ್ತಿಗೂ ಕಂಡಾಗ ಸಂಕಟವಾಗುತ್ತದೆ.

ಇನ್ನೊಂದು ಮಾತು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಸರು, ತೂಕ, ಯಾರಿಂದ ಯಾವಾಗ ಕೊಂಡಿದ್ದು ಅಂತ ಬರೆದ ಚೀಟಿ ಡಬ್ಬಿಯಲ್ಲೇ ಇರಲಿ. ಚೀಟಿ ಕಳೆದರೆ ಅದು ಯಾವ ಉಲ್ಕೆಯ ತುಂಡು ಅಂತ ಮುಂದೆ ಹೇಳುವವರು ಯಾರು?

ತರಗತಿಯಲ್ಲಿ ತೋರಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಗಾಜಿನ ಮುಚ್ಚಳದ ಡಬ್ಬಿಯಲ್ಲೇ ಕೈಯಿಂದ ಕೈಗೆ ಹೋಗಲಿ. 1906ರಲ್ಲಿ ಸ್ವೀಡನ್ನಿನ ಬಡಗಣ ತುದಿಯಲ್ಲಿ ಈ ಉಲ್ಕಾಶಿಲೆಯ ಮೊದಲ ತುಂಡು ಸಿಕ್ಕಿದ್ದು ದನ ಕಾಯುತ್ತಿದ್ದ ಮಕ್ಕಳಿಗೆ. ಅದನ್ನೂ ಹೇಳಿ.