ಹೊರಡುವ ಮುನ್ನ ಸಾರ್ಜೆಂಟ್ ವಾಟರ್ಸ್‌ನನ್ನು ನೋಡಿ

ಆತ್ಮೀಯರೇ,

ಕೆಲಸದ ಮೇಲೆ ನ್ಯೂಜೆರ್ಸಿಗೆ ಬರಲಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಇಲ್ಲಿಯ ವರ್ಣಭೇದ ನಮ್ಮಂಥವರಿಗೂ ತಟ್ಟುತ್ತದೆಯೇ, ಮತ್ತು ಕಪ್ಪು ಜನರು ಹೆಚ್ಚಾಗಿರುವ ಬಡಾವಣೆಯಲ್ಲಿ ಮನೆ ಹಿಡಿಯಬೇಡಿ ಎಂದು ಪರಿಚಿತರು ಹೇಳುತ್ತಿರುವುದನ್ನು ಎಷ್ಟರಮಟ್ಟಿಗೆ ನಂಬಬೇಕು. ಮೊದಲನೆಯದಕ್ಕೆ ಉತ್ತರ ಚಿಕ್ಕದು. ತಟ್ಟುತ್ತದೆ, ಹೆಚ್ಚಾಗಿ ಮಾತಿನಲ್ಲಿ, ಕೆಲವೊಮ್ಮೆ ಬಡ್ತಿಯ ವಿಷಯದಲ್ಲಿ. ಎರಡನೆಯದಕ್ಕೆ ಬರುವ ಮುನ್ನ ಒಂದು ಚಲನಚಿತ್ರ ನೋಡಿ ಎಂದು ಕೇಳಿಕೊಳ್ಳುತ್ತೇನೆ. ವರ್ಣಭೇದಕ್ಕೆ ಗುರಿಯಾಗುವ ಅಪಾಯಕ್ಕಿಂತ ಅದರಲ್ಲಿ ಪಾಲುದಾರರಾಗುವ ಅಪಾಯವೇ ನಮ್ಮವರಿಗೆ ಹೆಚ್ಚು ಎಂಬುದು ಬಹುಕಾಲ ಇಲ್ಲಿ ಬಾಳಿದ ನನ್ನ ಅಭಿಪ್ರಾಯ, ಮತ್ತು ಅದನ್ನು ಆ ಚಿತ್ರದ ಪೋಷಕ ನಟರೊಬ್ಬರು ತೋರಿಸಿಕೊಟ್ಟಷ್ಟು ಸ್ಪಷ್ಟವಾಗಿ ನಾನು ಹೇಳಲಾರೆ.

ನಾರ್ಮನ್ ಜ್ಯೂಯಿಸನ್ ನಿರ್ದೇಶನದಲ್ಲಿ 1984ರಲ್ಲಿ ತೆರೆಕಂಡ ‘ಎ ಸೋಲ್ಜರ್ಸ್ ಸ್ಟೋರಿ’ ಆ ಚಿತ್ರ. 1982ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ತಮ್ಮ ನಾಟಕವನ್ನು ಚಾರ್ಲ್ಸ್ ಫುಲ್ಲರ್ ಅವರೇ ಚಿತ್ರಕಥೆಯಾಗಿ ಬರೆದರು. ಕಥೆ ನಡೆಯುವುದು 1944ರಲ್ಲಿ, ಲೂಸಿಯಾನಾದ ಒಂದು ಸೇನಾ ಶಿಬಿರದಲ್ಲಿ. ಆಗ ಅಮೆರಿಕದ ಸೈನ್ಯದಲ್ಲಿ ಕಪ್ಪು ಸೈನಿಕರ ತುಕಡಿಗಳೇ ಬೇರೆಯಾಗಿದ್ದವು. ಆ ವಿಂಗಡಣೆಯನ್ನು ಕೊನೆಗಾಣಿಸುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರ ಜುಲೈ ತಿಂಗಳಲ್ಲಿ. ಕಪ್ಪು ಸಾರ್ಜೆಂಟ್ ವರ್ನನ್ ವಾಟರ್ಸ್ ಒಂದು ರಾತ್ರಿ ಕುಡಿದು ತೂರಾಡುತ್ತ ಬರುವಾಗ ಗುಂಡಿಗೆ ಬಲಿಯಾಗುತ್ತಾನೆ. ಬಿಳಿಯರ ಕೃತ್ಯವೆಂದೇ ಶಂಕೆ. ತನಿಖೆಗೆ ಬಂದ ಕಪ್ಪು ಕ್ಯಾಪ್ಟನ್ ಸೈನಿಕರನ್ನು ಒಬ್ಬೊಬ್ಬರಾಗಿ ಕರೆದು ವಿಚಾರಿಸುತ್ತ ಹೋದಂತೆ, ಸತ್ತವನು ಅವರ ನೆನಪುಗಳಲ್ಲಿ ಮತ್ತೆ ಮತ್ತೆ ಎದ್ದು ಬರುತ್ತಾನೆ. ಕೊಂದವರು ಯಾರೆಂದು ಹೇಳಿ ನಿಮ್ಮ ಕುತೂಹಲ ಕೆಡಿಸುವುದಿಲ್ಲ.

ವಾಟರ್ಸ್ ಪಾತ್ರವನ್ನು ಮಾಡಿದವರು ಅಡಾಲ್ಫ್ ಸೀಸರ್. ನ್ಯೂಯಾರ್ಕಿನ ನೀಗ್ರೋ ಎನ್‌ಸೆಂಬಲ್ ಕಂಪನಿ 1981ರಲ್ಲಿ ಈ ನಾಟಕವನ್ನು ಮೊದಲು ರಂಗಕ್ಕೆ ತಂದಾಗಲೂ ಪಾತ್ರ ಅವರದೇ ಆಗಿತ್ತು. ಆಳು ಎತ್ತರವಿಲ್ಲ, ಆದರೆ ಆ ಗೊಗ್ಗರು ಕಂಠ ಒಂದು ಕೋಣೆಯನ್ನೇ ತುಂಬುತ್ತದೆ. ಮುಂದೆ ದೊಡ್ಡ ತಾರೆಯಾದ ಡೆನ್ಜೆಲ್ ವಾಷಿಂಗ್ಟನ್ ಅದೇ ಚಿತ್ರದಲ್ಲಿ ಎದುರಿಗೇ ನಿಂತಿದ್ದರೂ ಕಣ್ಣು ಸೀಸರ್ ಅವರನ್ನು ಬಿಟ್ಟು ಕದಲುವುದಿಲ್ಲ.

ವಾಟರ್ಸ್‌ಗೆ ತನ್ನ ಜನರ ಏಳಿಗೆಯ ಹಂಬಲವಿದೆ. ಮಕ್ಕಳು ಬಿಳಿಯರ ದೊಡ್ಡ ಕಾಲೇಜಿನಲ್ಲಿ ಓದಬೇಕು, ಬಿಳಿಯರ ಮಾತು, ರೀತಿನೀತಿಗಳನ್ನು ಕಲಿಯಬೇಕು ಎಂಬ ಅವನ ಆಸೆಯನ್ನು ಕೇಳಿದಾಗ ನಮ್ಮಲ್ಲಿ ಎಷ್ಟು ತಂದೆತಾಯಂದಿರಿಗೆ ತಮ್ಮ ಮಾತೇ ಕೇಳಿಸಿದಂತಾಗುವುದೋ! ಆದರೆ ಆ ಹಂಬಲದ ಇನ್ನೊಂದು ಮುಖ ಸಿ. ಜೆ. ಮೆಂಫಿಸ್ ಎಂಬ ಸೈನಿಕನ ಮೇಲೆ ತಿರುಗುತ್ತದೆ. ಸಿ. ಜೆ. ದಕ್ಷಿಣದ ಹಳ್ಳಿಗಾಡಿನವನು, ಗಿಟಾರ್ ಹಿಡಿದು ಕಪ್ಪು ಜನರ ಬ್ಲೂಸ್ ಹಾಡುಗಳನ್ನು ಹಾಡುವ ಮುಗ್ಧ, ಎಲ್ಲರಿಗೂ ಪ್ರಿಯನಾದವನು. ಇಂಥವರಿಂದಲೇ ಬಿಳಿಯರು ನಮ್ಮನ್ನೆಲ್ಲ ನೋಡಿ ನಗುತ್ತಾರೆ ಎಂಬುದು ವಾಟರ್ಸ್‌ನ ಲೆಕ್ಕಾಚಾರ. ಸುಳ್ಳು ಆರೋಪ ಹೊರಿಸಿ ಅವನನ್ನು ಸೆರೆಗೆ ತಳ್ಳುತ್ತಾನೆ. ಸೆರೆಕೋಣೆಗೆ ಬಂದು, ನಿನ್ನಂಥವರನ್ನು ಹೊತ್ತು ನಡೆಯಲು ನಮ್ಮ ಜನಾಂಗಕ್ಕೆ ಇನ್ನು ಸಾಧ್ಯವಿಲ್ಲ ಎಂಬರ್ಥದ ಮಾತನ್ನು ಅವನಿಗೆ ಹೇಳುವ ದೃಶ್ಯವೇ ಇಡೀ ಚಿತ್ರದ ತಿರುಳು. ಸಾಮಾನ್ಯ ನಟನಾಗಿದ್ದರೆ ಅಲ್ಲಿ ಅಬ್ಬರಿಸುತ್ತಿದ್ದ. ಸೀಸರ್ ಅವರು, ತಪ್ಪು ತಿದ್ದಲು ಬಂದ ಮನೆಯ ಹಿರಿಯನಂತೆ, ತಾನು ಮಾಡುತ್ತಿರುವುದು ಸರಿಯೆಂಬ ಪೂರ್ಣ ನಂಬಿಕೆಯಿಂದ ಆಡುತ್ತಾರೆ. ಆ ನಂಬಿಕೆಯೇ ಭಯ ಹುಟ್ಟಿಸುತ್ತದೆ. ಕೊನೆಯ ರಾತ್ರಿ ಕುಡಿದ ಮತ್ತಿನಲ್ಲಿ ಮೊಣಕಾಲೂರಿ, ಬಿಳಿಯರಂತೆಯೇ ಆದರೂ ಅವರು ನಮ್ಮನ್ನು ದ್ವೇಷಿಸುವುದು ತಪ್ಪಲಿಲ್ಲ ಎಂದು ಅಳುವುದೋ ನಗುವುದೋ ತಿಳಿಯದ ದನಿಯಲ್ಲಿ ವಾಟರ್ಸ್ ಕೂಗುವಾಗ, ಕೇಡಿಗನೆಂದು ಅಲ್ಲಿಯವರೆಗೆ ಕಂಡವನ ಮೇಲೆ ಕರುಣೆ ಉಕ್ಕುತ್ತದೆ. ದ್ವೇಷ ಮತ್ತು ಕರುಣೆ ಎರಡನ್ನೂ ಒಂದೇ ಪಾತ್ರ ಹೀಗೆ ಎಬ್ಬಿಸುವುದನ್ನು ನಾನು ಹೆಚ್ಚು ಕಂಡಿಲ್ಲ.

ಇದು ಕಪ್ಪು ಜನರ ಮನೆಯೊಳಗಿನ ಮಾತು, ನಮಗೇನು ಎನ್ನಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಮೆರಿಕದ ಸೇನೆ ಸೇರಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪೌರತ್ವಕ್ಕಾಗಿ ಇಲ್ಲಿಯ ಸುಪ್ರೀಂ ಕೋರ್ಟಿನವರೆಗೂ ಹೋದರು. ಮೇಲುಜಾತಿಯ ಆರ್ಯನಾದ್ದರಿಂದ ಅವರನ್ನೂ ಬಿಳಿಯರ ಸಾಲಿಗೆ ಸೇರಿಸಬೇಕು, ಅಮೆರಿಕದ ಬಿಳಿಯರು ಕಪ್ಪು ಜನರನ್ನು ಕಾಣುವಂತೆಯೇ ಭಾರತದ ಮೇಲುಜಾತಿಯವರು ಅಲ್ಲಿನ ಮೂಲನಿವಾಸಿಗಳನ್ನು ಕಾಣುತ್ತಾರೆ ಎಂಬುದು ಅವರ ಪರವಾದ ವಾದಗಳಲ್ಲಿ ಒಂದು. 1923ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಭಾರತೀಯರಿಗೆ ಪೌರತ್ವದ ದಾರಿ ತೆರೆದದ್ದು 1946ರ ಕಾನೂನಿನಿಂದ. ನಾವೆಲ್ಲ ದೊಡ್ಡ ಸಂಖ್ಯೆಯಲ್ಲಿ ಬರಲು ಸಾಧ್ಯವಾದದ್ದು 1965ರ ವಲಸೆ ಕಾನೂನಿನಿಂದ. ಆ ಕಾನೂನಿಗೆ ಬೇಕಾದ ವಾತಾವರಣವನ್ನು ಸಮಾನ ಹಕ್ಕುಗಳಿಗಾಗಿ ಬೀದಿಯಲ್ಲಿ ಏಟು ತಿಂದು ಕಟ್ಟಿದವರು ಕಪ್ಪು ಜನರೇ.

ಇನ್ನು ಮನೆಯ ವಿಚಾರ. ಬಾಡಿಗೆ, ಕಚೇರಿಗೆ ರೈಲು, ಶಾಲೆ ಇವುಗಳನ್ನು ನೋಡಿ. ಹಗಲಿನಲ್ಲೊಮ್ಮೆ, ಕತ್ತಲಾದ ಮೇಲೊಮ್ಮೆ ಬೀದಿಯಲ್ಲಿ ನಡೆದಾಡಿ, ಅಲ್ಲಿ ವಾಸವಿರುವವರನ್ನೇ ಮಾತನಾಡಿಸಿ. ‘ಒಳ್ಳೆಯ ಏರಿಯಾ’ ಎಂದು ನಮ್ಮವರು ಊಟದ ಕೂಟಗಳಲ್ಲಿ ಹೇಳುವಾಗ, ಹಾಗೆಂದರೆ ಏನೆಂದು ವಿನಯದಿಂದ ಕೇಳಿ. ಕಳ್ಳತನದ ಅಂಕಿಅಂಶ ಹೇಳುತ್ತಾರೋ, ನೆರೆಯವರ ಬಣ್ಣ ಹೇಳುತ್ತಾರೋ ಗಮನಿಸಿ. ಪೆಟ್ರೋಲ್ ಬಂಕಿನಲ್ಲಿ ದುಡಿಯುವ ನಮ್ಮ ದೇಶದವನನ್ನು ಕಂಡೂ ಕಾಣದಂತೆ ಮುಖ ತಿರುಗಿಸುವವರು, ಊರಿನಿಂದ ಬಂದ ತಾಯಿ ಅಂಗಡಿಯಲ್ಲಿ ಗಟ್ಟಿಯಾಗಿ ಕನ್ನಡ ಮಾತನಾಡಿದರೆ ಮುಜುಗರಪಡುವವರು ನಿಮಗೆ ಸಿಗುತ್ತಾರೆ. ಅವರು ಕೆಟ್ಟವರಲ್ಲ. ವಾಟರ್ಸ್ ಹಿಡಿದ ದಾರಿಯ ಮೊದಲ ಮೈಲಿಯಲ್ಲಿರುವವರು.

ಸೀಸರ್ ಅವರಿಗೆ ಈ ಪಾತ್ರಕ್ಕಾಗಿ 1985ರಲ್ಲಿ ಪೋಷಕ ನಟರ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಪ್ರಶಸ್ತಿ ಮಾತ್ರ ಆ ವರ್ಷ ಕಾಂಬೋಡಿಯಾದಿಂದ ನಿರಾಶ್ರಿತರಾಗಿ ಬಂದಿದ್ದ ವೈದ್ಯ ಹೈಂಗ್ ಎಸ್. ಙೋರ್ ಅವರ ಪಾಲಾಯಿತು. ಮುಂದಿನ ವರ್ಷವೇ, 1986ರ ಮಾರ್ಚಿನಲ್ಲಿ, ಸೀಸರ್ ಹೃದಯಾಘಾತದಿಂದ ತೀರಿಕೊಂಡರು. ಚಿತ್ರದಲ್ಲಿ ಕಾರ್ಪೊರಲ್ ಕಾಬ್ ಆಗಿ ಕಾಣಿಸಿಕೊಂಡ ಡೇವಿಡ್ ಅಲನ್ ಗ್ರಿಯರ್ ಮುಂದೆ 2020ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೆ ವಾಟರ್ಸ್ ಆಗಿ ನಟಿಸಿ, ಅದಕ್ಕಾಗಿ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದರು. ನೀವು ಮೊದಲು ಸೀಸರ್ ಅವರದನ್ನೇ ನೋಡಿ; ಸಾಧ್ಯವಾದರೆ ಮನೆಯವರೊಂದಿಗೆ ಕುಳಿತು ನೋಡಿ, ಇಲ್ಲಿಗೆ ಬಂದ ಮೇಲೆ ಮನೆ ಹುಡುಕಲು ನಾನು ಜೊತೆಗೆ ಬರುತ್ತೇನೆ.